ಆಫೀಸ್ ಫೋನು ತಾನೇ ಎತ್ಕೊಳ್ಳುತ್ತೆ, ತಾನೇ ಡಯಲ್ ಆಗುತ್ತೆ: ಈ ಬೇಡದ ಫೀಚರ್‌ಗಳನ್ನ ತೆಗೆಯೋದು ಹೇಗೆ?

ಲೆಕ್ಕದಮನೆ · ಹಾಸನ

ನಮಸ್ಕಾರ ಎಲ್ರಿಗೂ. ಒಂದು ಸಣ್ಣ ಸಹಕಾರ ಸಂಘದ ಆಫೀಸು. ಟೇಬಲ್‌ಗಳ ಮೇಲೆ 11 ಯೀಲಿಂಕ್ ಟಿ21ಪಿ ಇ2 ಫೋನು, ರಿಸೆಪ್ಷನ್‌ನಲ್ಲಿ ಮಾತ್ರ ಸಾಲಾಗಿ ಗುಂಡಿ ಇರೋ ದೊಡ್ಡ ಮಾಡೆಲ್ಲು. ಹಿಂದಿನ ಕೋಣೇಲಿ ಫ್ರೀಪಿಬಿಎಕ್ಸ್ (ಆಫೀಸಿನ ಕರೆಗಳನ್ನ ನಿಭಾಯಿಸೋ ಸಾಫ್ಟ್‌ವೇರ್) ಹಾಕಿರೋ ಸರ್ವರ್. ಗೋಡೌನಲ್ಲಿ ಮೂರು ಹಳೇ ಮಾಮೂಲಿ ಫೋನು, ಅಡಾಪ್ಟರ್ ಮೂಲಕ ಅದೇ ಸರ್ವರಿಗೆ ಸೇರಿಸಿದೆ. ಹಾಕಿಕೊಟ್ಟವರು ಈಗ ಸಿಗ್ತಾ ಇಲ್ಲ.

ತೊಂದರೆ ಒಂದೆರಡಲ್ಲ. ಕಾರ್ಯದರ್ಶಿಗಳ ಕ್ಯಾಬಿನ್ ಫೋನು ರಿಸೆಪ್ಷನ್‌ನಿಂದ ಮಾಡಿದ ತಕ್ಷಣ ಯಾರೂ ಎತ್ತದೇನೇ ಸ್ಪೀಕರಲ್ಲಿ ಆನ್ ಆಗಿಬಿಡುತ್ತೆ. ಕ್ಯಾಶ್ ಕೌಂಟರಲ್ಲಿ ರಿಸೀವರ್ ಎತ್ತಿ ನಂಬರ್ ಹುಡುಕ್ತಾ ನಿಂತ್ರೆ ಸಾಕು, ನಾಕು ಸೆಕೆಂಡಿಗೆ ತಾನೇ ರಿಸೆಪ್ಷನ್‌ಗೆ ಹೋಗುತ್ತೆ. ಮಾತಾಡ್ತಾ ಇದ್ದಾಗ ಕಿವೀಲಿ ಬೀಪ್ ಬೀಪ್. ಸಾಲ ವಿಭಾಗದ ಫೋನಲ್ಲಿ ಕೆಂಪು ದೀಪ ತಿಂಗಳಿಂದ ಮಿನುಗ್ತಾನೇ ಇದೆ. ಇದೆಲ್ಲದರ ಮೇಲೆ, ರಾತ್ರಿ ಎರಡು ಗಂಟೆಗೆ ಎಲ್ಲಾ ಫೋನೂ ಒಟ್ಟಿಗೆ ರಿಂಗಾಗುತ್ತಂತೆ, ಎತ್ತಿದ್ರೆ ಸದ್ದಿಲ್ಲ, ಸ್ಕ್ರೀನಲ್ಲಿ ನಂಬರ್ 100 ಅಂತ ಬರುತ್ತಂತೆ. ವಾಚ್‌ಮನ್ ಹೇಳಿದ್ದು.

ಎಲ್ಲಾ ಫೋನೂ ರೀಸೆಟ್ ಮಾಡಿಬಿಡೋದಾ?

ಎರಡನೇರಿಂಗ್ · ಚಿಕ್ಕಮಗಳೂರು

ಯೀಲಿಂಕ್ ಆದ್ರೆ ಸುಲಭ. ಓಕೆ ಗುಂಡಿ 10 ಸೆಕೆಂಡ್ ಒತ್ತಿ ಹಿಡೀರಿ, ರೀಸೆಟ್ ಮಾಡ್ಲಾ ಅಂತ ಕೇಳುತ್ತೆ, ಹೂಂ ಅನ್ನಿ. ಎಲ್ಲಾ ಹೊಸದರ ಥರ ಆಗುತ್ತೆ.

ಸರ್ವರ್‌ಕೋಣೆ · ಹಾಸನ

ದಯವಿಟ್ಟು ಹಾಗೆ ಮಾಡ್ಬೇಡಿ. ರೀಸೆಟ್ ಮಾಡಿದ್ರೆ ಬೇಡದ ಫೀಚರ್ ಜೊತೆಗೆ ಅಕೌಂಟೂ ಹೋಗುತ್ತೆ: ಎಕ್ಸ್‌ಟೆನ್ಷನ್ ನಂಬರು (ಆಫೀಸೊಳಗಿನ ನಂಬರು), ಅದರ ಪಾಸ್‌ವರ್ಡು, ಸರ್ವರ್ ವಿಳಾಸ ಮೂರೂ. ಸರ್ವರಿಂದ ತಾನೇ ಸೆಟ್ಟಿಂಗ್ ಎಳ್ಕೊಳ್ಳೋ ವ್ಯವಸ್ಥೆ ಮಾಡಿಲ್ಲ ಅಂದ್ರೆ 11 ಫೋನೂ ‘ನೋ ಸರ್ವಿಸ್’ ಅಂತ ಕೂತ್ಕೊಳ್ತವೆ. ಆಮೇಲೆ ಒಂದೊಂದಕ್ಕೂ ಫ್ರೀಪಿಬಿಎಕ್ಸ್‌ಗೆ ಹೋಗಿ, ಎಕ್ಸ್‌ಟೆನ್ಷನ್ ತೆಗೆದು, ಸೀಕ್ರೆಟ್ ಅನ್ನೋ ಜಾಗದಲ್ಲಿರೋ ಉದ್ದದ ಪಾಸ್‌ವರ್ಡ್ ನಕಲು ಮಾಡಿ ಹಾಕ್ಬೇಕು.

ಮೊದಲು ಬ್ಯಾಕಪ್ ತಗೊಳ್ಳಿ. ಫೋನ್ ಸುಮ್ಮನಿದ್ದಾಗ ಓಕೆ ಗುಂಡಿ ಒಂದೇ ಸಲ ಒತ್ತಿ, ಐಪಿ ವಿಳಾಸ ಕಾಣುತ್ತೆ. ಅದನ್ನ ಕಂಪ್ಯೂಟರ್ ಬ್ರೌಸರಲ್ಲಿ ಹಾಕಿ. ಯಾರೂ ಬದಲಾಯಿಸಿಲ್ಲ ಅಂದ್ರೆ ಹೆಸರೂ ಪಾಸ್‌ವರ್ಡೂ ಎರಡೂ ಅಡ್ಮಿನ್. ಒಳಗೆ ಹೋದ ಮೇಲೆ ಮೊದಲು ಆ ಪಾಸ್‌ವರ್ಡ್ ಬದಲಾಯಿಸಿ. ಸೆಟ್ಟಿಂಗ್ಸ್‌ನಲ್ಲಿ ಕಾನ್ಫಿಗರೇಶನ್, ಅಲ್ಲಿ ಎಕ್ಸ್‌ಪೋರ್ಟ್. ಬಿನ್ ಫೈಲ್ ಇಳಿಯುತ್ತೆ, ಎಕ್ಸ್‌ಟೆನ್ಷನ್ ನಂಬರನ್ನೇ ಹೆಸರಾಗಿ ಕೊಟ್ಟು ಇಟ್ಕೊಳ್ಳಿ.

ಆಮೇಲೆ ಕೇಳ್ಕೋಬೇಕಾದ ಪ್ರಶ್ನೆ ಒಂದೇ: ಈ ಫೀಚರ್ ಇರೋದು ಫೋನಲ್ಲಾ, ಸರ್ವರಲ್ಲಾ, ತಂತೀಲಾ? ನೀವು ಹೇಳಿದ ಐದೂ ಒಂದೇ ಕಡೆ ಇಲ್ಲ. ರೀಸೆಟ್‌ನಿಂದ ಅದರಲ್ಲಿ ಅರ್ಧ ಹಾಗೇ ಉಳಿಯುತ್ತೆ.

ತಂತಿಪೆಟ್ಟಿಗೆ · ಚಿಕ್ಕಮಗಳೂರು

ಅದಕ್ಕೆ ಹಳೇ ಉಪಾಯ ಇದೆಯಲ್ಲ. ತೊಂದರೆ ಇರೋ ಫೋನನ್ನ ಪಕ್ಕದ ಟೇಬಲ್ ಫೋನಿನ ಜೊತೆ ಅದಲು ಬದಲು ಮಾಡಿ. ತೊಂದರೆ ಫೋನಿನ ಜೊತೆ ಹೋದ್ರೆ ಫೋನು, ಟೇಬಲಲ್ಲೇ ಉಳಿದ್ರೆ ಎಕ್ಸ್‌ಚೇಂಜು ಇಲ್ಲಾ ತಂತಿ.

ಸರ್ವರ್‌ಕೋಣೆ · ಹಾಸನ

ಮಾಮೂಲಿ ಫೋನಿಗೆ ಆ ಮಾತು ಸರಿ ಸರ್. ನೆಟ್‌ವರ್ಕ್ ಮೇಲೆ ನಡೆಯೋ ಐಪಿ ಫೋನಿಗೆ, ಅಂದ್ರೆ ಆ ಯೀಲಿಂಕ್‌ಗಳಿಗೆ, ಆಗಲ್ಲ. ಮಾಮೂಲಿ ಫೋನಲ್ಲಿ ನಂಬರ್ ಇರೋದು ತಂತೀಲಿ. ಐಪಿ ಫೋನಲ್ಲಿ ನಂಬರ್ ಫೋನಿನೊಳಗೇ ಇರುತ್ತೆ, ಎತ್ಕೊಂಡು ಹೋದ್ರೆ ನಂಬರೂ ಅದರ ಹಿಂದೇನೇ ಹೋಗುತ್ತೆ, ಸರ್ವರಲ್ಲಿರೋ ಸೆಟ್ಟಿಂಗೂ ಹೋಗುತ್ತೆ. ಹಾಗಾಗಿ ಎರಡರಲ್ಲಿ ಯಾವುದು ಅಂತ ಗೊತ್ತಾಗಲ್ಲ. ಅದೇ ಎಕ್ಸ್‌ಟೆನ್ಷನ್ನಿನ ಅಕೌಂಟನ್ನ ಮೊಬೈಲಲ್ಲಿ ಯಾವುದಾದ್ರೂ ಸಾಫ್ಟ್‌ಫೋನ್ ಆಪಲ್ಲಿ ಹಾಕಿ ನೋಡಿ, ಅಷ್ಟೊತ್ತು ಟೇಬಲ್ ಫೋನ್ ತೆಗೆದಿಡಿ. ಆಪಲ್ಲೂ ಅದೇ ತೊಂದರೆ ಬಂದ್ರೆ ಸರ್ವರು.

ತಂತಿಪೆಟ್ಟಿಗೆ · ಚಿಕ್ಕಮಗಳೂರು

ಹೌದು, ಅದು ಸರಿ. ಒಪ್ಪಿದೆ. ಗೋಡೌನಿನ ಮೂರಕ್ಕೆ ಮಾತ್ರ ನನ್ನ ಉಪಾಯ ಇಟ್ಕೊಳ್ಳಿ.

ಮಂಜಿನೂರು · ಸಕಲೇಶಪುರ

ಕ್ಯಾಬಿನ್ ಫೋನ್ ವಿಷಯ. ಹೊರಗಿನ ಕರೆನೂ ತಾನೇ ಎತ್ಕೊಳ್ಳುತ್ತಾ, ಬರೀ ರಿಸೆಪ್ಷನ್‌ದು ಮಾತ್ರಾನಾ?

ಲೆಕ್ಕದಮನೆ · ಹಾಸನ

ರಿಸೆಪ್ಷನ್‌ದು ಮಾತ್ರ. ಹೊರಗಿನದು ಸರಿಯಾಗಿ ರಿಂಗಾಗುತ್ತೆ.

ಮಂಜಿನೂರು · ಸಕಲೇಶಪುರ

ಹಾಗಾದ್ರೆ ಅದು ಆಟೋ ಆನ್ಸರ್ ಅಲ್ಲ, ಇಂಟರ್‌ಕಾಮ್. ಎರಡೂ ನೋಡೋಕೆ ಒಂದೇ ಥರ, ಆದ್ರೆ ಬೇರೆ ಬೇರೆ.

ಆಟೋ ಆನ್ಸರ್ ಆದ್ರೆ ಯಾರು ಮಾಡಿದ್ರೂ ಎತ್ಕೊಳ್ಳುತ್ತೆ, ಸ್ಕ್ರೀನಲ್ಲೂ ಅದರ ಗುರುತು ಇರುತ್ತೆ. ತೆಗೆಯೋದು ಅಕೌಂಟ್, ಬೇಸಿಕ್, ಆಟೋ ಆನ್ಸರ್ ಅನ್ನೋ ಕಡೆ.

ಇಂಟರ್‌ಕಾಮಲ್ಲಿ ಹಾಗಲ್ಲ. ಕರೆ ಮಾಡೋ ಕಡೆಯಿಂದಾನೇ ‘ಕಾಯಬೇಡ, ತಕ್ಷಣ ಎತ್ತು’ ಅನ್ನೋ ಸೂಚನೆ ಕರೆ ಜೊತೆ ಬರುತ್ತೆ. ಫ್ರೀಪಿಬಿಎಕ್ಸಲ್ಲಿ ಎಕ್ಸ್‌ಟೆನ್ಷನ್ ಮುಂದೆ *80 ಸೇರಿಸಿದ್ರೆ ಅದೇ ಆಗೋದು. ನಿಮ್ಮ ರಿಸೆಪ್ಷನ್ ಫೋನಿನ ಸಾಲು ಗುಂಡೀಲಿ ಕ್ಯಾಬಿನ್ನಿನ ಗುಂಡಿಯನ್ನ ಇಂಟರ್‌ಕಾಮ್ ಅಂತ ಸೆಟ್ ಮಾಡಿರ್ತಾರೆ. ರಿಸೆಪ್ಷನ್ ಫೋನಿನ ವೆಬ್ ಪುಟದಲ್ಲಿ ಡಿಎಸ್‌ಎಸ್ ಕೀ ಅಂತ ಇದೆ, ಅಲ್ಲಿ ಆ ಗುಂಡಿಯ ಟೈಪನ್ನ ಸ್ಪೀಡ್ ಡಯಲ್ ಮಾಡಿ. ಕಾರ್ಯದರ್ಶಿಗಳು ಮಾತಲ್ಲಿದ್ದಾರಾ ಅಂತ ದೀಪದಲ್ಲಿ ಕಾಣಬೇಕು ಅಂದ್ರೆ ಬಿಎಲ್‌ಎಫ್ ಮಾಡಿ. ನಂಬರಿನ ಜಾಗದಲ್ಲಿ *80 ಇದ್ರೆ ಅದನ್ನೂ ಅಳಿಸಿ.

ಸರ್ವರ್‌ಕೋಣೆ · ಹಾಸನ

ಗುಂಡಿ ಬದಲಾಯಿಸಿದ್ರೆ ಒಂದು ಗುಂಡಿ ಸರಿಹೋಗುತ್ತೆ, ನಾಳೆ ಬೇರೆ ಟೇಬಲ್‌ನಿಂದ ಯಾರಾದ್ರೂ *80 ಒತ್ತಿದ್ರೆ ಮತ್ತೆ ಅದೇ ಕಥೆ. ಕ್ಯಾಬಿನ್ ಫೋನಲ್ಲೇ ಮುಚ್ಚೋದು ಒಳ್ಳೇದು. ಫೀಚರ್ಸ್, ಇಂಟರ್‌ಕಾಮ್, ಅಲ್ಲಿ ಇಂಟರ್‌ಕಾಮ್ ಅಲೋ ಅನ್ನೋದನ್ನ ಡಿಸೇಬಲ್ ಮಾಡಿ. ಇಲ್ಲಾಂದ್ರೆ ಕ್ಯಾಬಿನ್ ಫೋನಿಂದ *55 ಡಯಲ್ ಮಾಡಿ, ಸರ್ವರೇ ಆ ನಂಬರಿಗೆ ಇಂಟರ್‌ಕಾಮ್ ಕಳಿಸಲ್ಲ. ಮತ್ತೆ ಬೇಕಾದ್ರೆ *54.

ಹೊಯ್ಸಳಕಲ್ಲು · ಬೇಲೂರು

ಪೂರ್ತಿ ತೆಗೆಯೋದು ಯಾಕ್ರೀ? ಕೈ ತುಂಬ ಕೆಲಸ ಇದ್ದಾಗ ಇಂಟರ್‌ಕಾಮ್ ಅನುಕೂಲಾನೇ. ಅದೇ ಪುಟದಲ್ಲಿ ಇಂಟರ್‌ಕಾಮ್ ಮ್ಯೂಟ್ ಅಂತ ಇದೆ, ಅದನ್ನ ಆನ್ ಮಾಡಿ. ಮಾತು ಕೇಳುತ್ತೆ, ಕ್ಯಾಬಿನ್ ಕಡೆಯ ಮೈಕ್ ಮಾತ್ರ ಮುಚ್ಚಿರುತ್ತೆ. ಬೇಕಾದ್ರೆ ಮ್ಯೂಟ್ ಗುಂಡಿ ಒತ್ತಿ ಉತ್ತರ ಕೊಡ್ಬಹುದು.

ಸರ್ವರ್‌ಕೋಣೆ · ಹಾಸನ

ಸಾಲದ ವಿಷಯ ಮಾತಾಡೋ ಕ್ಯಾಬಿನ್ ಸರ್ ಅದು. ಎದುರಿಗೆ ಸದಸ್ಯರು ಕೂತು ಮನೆ ಕಷ್ಟ ಹೇಳ್ಕೊಳ್ತಾ ಇರ್ತಾರೆ. ಆ ಕೋಣೆಯ ಮೈಕ್ ಹೊರಗಿನವರ ಗುಂಡಿಗೆ ತೆರ್ಕೋಬಾರದು. ಮ್ಯೂಟ್ ಆನ್ ಇದ್ರೂ ಕೂಡ, ಫರ್ಮ್‌ವೇರ್ (ಫೋನಿನೊಳಗಿನ ಸಾಫ್ಟ್‌ವೇರ್) ಬದಲಾದಾಗ ಯಾರೋ ಒಬ್ರು ಆ ಟಿಕ್ ಮರೀತಾರೆ. ಅಂಥ ಕಡೆ ಪೂರ್ತಿ ಬಂದ್ ಮಾಡೋದೇ ಸರಿ. ಗೋಡೌನಲ್ಲೋ, ಅಡುಗೆ ಮನೇಲೋ ಆದ್ರೆ ನೀವು ಹೇಳಿದ್ದು ನಡೆಯುತ್ತೆ.

ಎರಡನೇರಿಂಗ್ · ಚಿಕ್ಕಮಗಳೂರು

ಕ್ಯಾಶ್ ಕೌಂಟರಿನದು ಹಾಟ್‌ಲೈನ್. ಫೀಚರ್ಸ್, ಜನರಲ್ ಇನ್ಫರ್ಮೇಶನ್, ಅಲ್ಲಿ ಹಾಟ್‌ಲೈನ್ ನಂಬರ್ ಅನ್ನೋ ಜಾಗ ಖಾಲಿ ಮಾಡಿ, ಕೆಳಗೆ ಕನ್ಫರ್ಮ್ ಒತ್ತಿ. ಪಕ್ಕದ ಹಾಟ್‌ಲೈನ್ ಡಿಲೇಯಲ್ಲಿ 4 ಇರುತ್ತೆ, ನೀವು ಹೇಳಿದ ನಾಕು ಸೆಕೆಂಡ್ ಅದೇ. ಕನ್ಫರ್ಮ್ ಒತ್ತದೆ ಬೇರೆ ಪುಟಕ್ಕೆ ಹೋದ್ರೆ ಬದಲಾವಣೆ ಉಳಿಯಲ್ಲ.

ಗೇಟಿನ ಹತ್ರ ಇರೋ ಫೋನಿಗೆ ಮಾತ್ರ ಹಾಟ್‌ಲೈನ್ ಬಿಡಿ. ಡಿಲೇ 0 ಇಡಿ, ಎತ್ತಿದ್ರೆ ನೇರ ರಿಸೆಪ್ಷನ್‌ಗೆ ಹೋಗಲಿ.

ಹೊಯ್ಸಳಕಲ್ಲು · ಬೇಲೂರು

ಬೀಪ್ ಬೀಪ್ ಅನ್ನೋದು ಕಾಲ್ ವೇಟಿಂಗ್, ಮಾತಲ್ಲಿದ್ದಾಗ ಎರಡನೇ ಕರೆ ಬರ್ತಾ ಇದೆ ಅನ್ನೋ ಸೂಚನೆ. *71 ಒತ್ತಿ ಬಿಡಿ, ನಿಂತುಹೋಗುತ್ತೆ.

ತಂತಿಪೆಟ್ಟಿಗೆ · ಚಿಕ್ಕಮಗಳೂರು

ಓದೋರು ಇಲ್ಲಿ ಸ್ವಲ್ಪ ನಿಲ್ಲಿ. *71 ಕಾಲ್ ವೇಟಿಂಗ್ ತೆಗೆಯೋದು ಫ್ರೀಪಿಬಿಎಕ್ಸಲ್ಲಿ. ಪ್ಯಾನಾಸೋನಿಕ್ ಇಪಿಎಬಿಎಕ್ಸ್ (ಆಫೀಸೊಳಗಿನ ಎಕ್ಸ್‌ಚೇಂಜ್ ಡಬ್ಬ) ಇರೋ ಆಫೀಸಲ್ಲಿ *71ರಿಂದ ಶುರುವಾಗೋದು ಕಾಲ್ ಫಾರ್ವರ್ಡ್. ಅಲ್ಲಿ ಇದನ್ನ ಒತ್ತಿ ಮುಂದೆ ಏನಾದ್ರೂ ನಂಬರ್ ತಾಗಿದ್ರೆ ಕರೆಗಳೆಲ್ಲ ಬೇರೆ ಟೇಬಲ್‌ಗೆ ಹೋಗ್ತಾ ಇರ್ತವೆ, ಯಾಕೆ ಅಂತ ವಾರಗಟ್ಟಲೆ ಗೊತ್ತಾಗಲ್ಲ. ಕೋಡ್ ಕೊಡೋವಾಗ ಯಾವ ಡಬ್ಬಕ್ಕೆ ಅಂತ ಹೇಳಿಯೇ ಕೊಡಿ.

ಸರ್ವರ್‌ಕೋಣೆ · ಹಾಸನ

ಸರಿಯಾದ ಮಾತು. ಫ್ರೀಪಿಬಿಎಕ್ಸಿನವು ಇಲ್ಲಿ ಬರೆದಿಡ್ತೀನಿ, ಬದಲಾಯಿಸದೇ ಇದ್ರೆ ಇವೇ ಇರುತ್ತವೆ: ಕಾಲ್ ವೇಟಿಂಗ್ ಹಾಕೋಕೆ *70, ತೆಗೆಯೋಕೆ *71. ಎಲ್ಲಾ ಕರೆ ಫಾರ್ವರ್ಡ್ *72, ರದ್ದು *73. ಡಿಎನ್‌ಡಿ (ಕರೆ ಬರದ ಹಾಗೆ ತಡೆಯೋದು) ಹಾಕೋಕೆ *78, ತೆಗೆಯೋಕೆ *79. ಅಡ್ಮಿನ್ ಮೆನುವಿನ ಫೀಚರ್ ಕೋಡ್ಸ್ ಪುಟದಲ್ಲಿ ನಿಮ್ಮ ಸರ್ವರಿನ ಪಟ್ಟಿ ಪೂರ್ತಿ ಸಿಗುತ್ತೆ.

ಆದ್ರೆ ರಿಸೆಪ್ಷನ್‌ನಲ್ಲಿ ಕಾಲ್ ವೇಟಿಂಗ್ ತೆಗೀಬೇಡಿ. ತೆಗೆದ್ರೆ ಎರಡನೇ ಕರೆಯವರಿಗೆ ಬ್ಯುಸಿ ಟೋನ್ ಬರುತ್ತೆ, ಬ್ಯುಸಿ ಇದ್ದಾಗ ಎಲ್ಲಿಗೆ ಹೋಗಬೇಕು ಅಂತ ಸರ್ವರಲ್ಲಿ ಹೇಳಿರದಿದ್ರೆ ಆ ಕರೆ ಕೈಬಿಟ್ಟ ಹಾಗೇ. ಅಲ್ಲಿ ಸದ್ದು ಮಾತ್ರ ತೆಗೀರಿ: ಫೀಚರ್ಸ್, ಆಡಿಯೋ, ಕಾಲ್ ವೇಟಿಂಗ್ ಟೋನ್. ಕರೆ ಸ್ಕ್ರೀನಲ್ಲಿ ಕಾಣುತ್ತೆ, ಕಿವೀಲಿ ಬೀಪ್ ಇರಲ್ಲ.

ಎಸ್ಟೇಟ್_ರೈಟರ್ · ಮೂಡಿಗೆರೆ

ಡಿಎನ್‌ಡಿ ಅಂದ್ರಲ್ಲ, ಒಂದು ಫೋನಿಗೆ ಕರೇನೇ ಬರಲ್ಲ ಅನ್ನೋ ದೂರಿಗೂ ಅದೇ ಕಾರಣಾನಾ? ಸ್ಕ್ರೀನಲ್ಲಿ ಏನೂ ಗುರುತಿಲ್ಲ.

ಮಂಜಿನೂರು · ಸಕಲೇಶಪುರ

ಇರಬಹುದು ರೈಟ್ರೇ. ಡಿಎನ್‌ಡಿ ಎರಡು ಕಡೆ ಕೂತಿರುತ್ತೆ. ಫೋನಲ್ಲಿ ಹಾಕಿದ್ರೆ ಸ್ಕ್ರೀನಲ್ಲಿ ಗುರುತು ಬರುತ್ತೆ. *78 ಒತ್ತಿ ಸರ್ವರಲ್ಲಿ ಹಾಕಿದ್ರೆ ಫೋನಿಗೆ ಅದು ಗೊತ್ತೇ ಇರಲ್ಲ, ಸ್ಕ್ರೀನ್ ಸುಮ್ಮನಿರುತ್ತೆ. ಫ್ರೀಪಿಬಿಎಕ್ಸೇ ಆಗಿದ್ರೆ ಮೊದಲು *79 ಒತ್ತಿ. ಆಗಲಿಲ್ಲ ಅಂದ್ರೆ *73, ಯಾರೋ ಫಾರ್ವರ್ಡ್ ಹಾಕಿರ್ತಾರೆ.

ಫೋನಲ್ಲಿ ಪದೇ ಪದೇ ತಾನೇ ಡಿಎನ್‌ಡಿ ಆಗ್ತಾ ಇದ್ರೆ ಕೈ ತಾಗ್ತಾ ಇದೆ ಅಂತ ಅರ್ಥ. ಸ್ಕ್ರೀನ್ ಕೆಳಗಿನ ನಾಲ್ಕು ಗುಂಡೀಲಿ ಎಡದಿಂದ ಮೂರನೇದು ಡಿಎನ್‌ಡಿ. ಫೋನ್ ಒರೆಸೋವಾಗ, ಮೇಲೆ ಲೆಡ್ಜರ್ ಇಟ್ಟಾಗ ಅದೇ ಒತ್ತಿಹೋಗೋದು. ಡಿಎಸ್‌ಎಸ್ ಕೀ ಪುಟದಲ್ಲಿ ಪ್ರೋಗ್ರಾಮೆಬಲ್ ಕೀಗೆ ಹೋಗಿ, ಸಾಫ್ಟ್‌ಕೀ 3ರ ಟೈಪ್ ಎನ್ಎ ಮಾಡಿ. ಗುಂಡಿ ಖಾಲಿ ಆಗುತ್ತೆ.

ಲೆಕ್ಕದಮನೆ · ಹಾಸನ

ಕೆಂಪು ದೀಪಕ್ಕೆ ಏನು ಮಾಡೋದು?

ಎರಡನೇರಿಂಗ್ · ಚಿಕ್ಕಮಗಳೂರು

ಸ್ಕ್ರೀನ್ ನೋಡಿ. ಲಕೋಟೆ ಗುರುತಿದ್ರೆ ವಾಯ್ಸ್‌ಮೇಲ್. ಮಿಸ್ಡ್ ಕಾಲ್ ಅಂತಿದ್ರೆ ಹಿಸ್ಟರಿ ತೆಗೆದು ನೋಡಿದ್ರೆ ಸಾಕು, ಆರುತ್ತೆ.

ವಾಯ್ಸ್‌ಮೇಲ್ ಆದ್ರೆ ಅದೇ ಫೋನಿಂದ *97, ಪಾಸ್‌ವರ್ಡ್ ಹಾಕಿ, ಕೇಳಿ, ಅಳಿಸಿ.

ಸರ್ವರ್‌ಕೋಣೆ · ಹಾಸನ

ಅದನ್ನ ಯಾರೂ ಕೇಳೋದೇ ಇಲ್ಲ ಅಂದ್ರೆ ಪೆಟ್ಟಿಗೇನೇ ತೆಗೀರಿ: ಎಕ್ಸ್‌ಟೆನ್ಷನ್ ತೆಗೆದು ವಾಯ್ಸ್‌ಮೇಲ್ ಟ್ಯಾಬಲ್ಲಿ ಎನೇಬಲ್ಡ್ ಅನ್ನೋದಕ್ಕೆ ನೋ. ಕ್ರಮ ಮುಖ್ಯ. ಮೊದಲು ಸಂದೇಶ ಅಳಿಸಿ, ಆಮೇಲೆ ಪೆಟ್ಟಿಗೆ ತೆಗೀರಿ. ಅಳಿಸದೆ ತೆಗೆದ್ರೆ ‘ಈಗ ಸಂದೇಶ ಇಲ್ಲ’ ಅಂತ ಫೋನಿಗೆ ಹೇಳೋರು ಯಾರೂ ಇರಲ್ಲ, ದೀಪ ಹಾಗೇ ಮಿನುಗುತ್ತೆ. ಹಾಗಾದ್ರೆ ಫೋನಿನ ತಂತಿ ಕಿತ್ತು ಮತ್ತೆ ಹಾಕಿ.

ಹೋಂಸ್ಟೇ_ಕೌಂಟರ್ · ಚಿಕ್ಕಮಗಳೂರು

ಇದರ ಮಧ್ಯೆ ಒಂದು ಪ್ರಶ್ನೆ. ರೂಮ್ ಫೋನ್ ಒಂದು ದಿನಾ ಬೆಳಿಗ್ಗೆ ಐದೂವರೆಗೆ ರಿಂಗಾಗುತ್ತೆ. ಗೆಸ್ಟ್‌ಗಳು ಬೈತಾರೆ. ಹಳೇ ಇಪಿಎಬಿಎಕ್ಸ್, ಮಾಮೂಲಿ ಕಾಲರ್ ಐಡಿ ಫೋನು.

ತಂತಿಪೆಟ್ಟಿಗೆ · ಚಿಕ್ಕಮಗಳೂರು

ಹಿಂದೆ ಉಳಿದ ಯಾರೋ ಗಿರಿ ಹತ್ತೋಕೆ ಅಂತ ಅಲಾರಂ ಇಟ್ಟು ಹೋಗಿದ್ದಾರೆ. ಐದು ಇಪ್ಪತ್ತೈದಕ್ಕೆ ಫೋನಿನ ಲೈನ್ ಕಾರ್ಡ್ ಕಿತ್ತಿಟ್ಟು ಕಾಯಿರಿ. ಕಾರ್ಡ್ ಇಲ್ಲದೆಯೂ ಬಡ್ಕೊಂಡ್ರೆ ಅಲಾರಂ ಫೋನಿನೊಳಗಿನ ಗಡಿಯಾರದ್ದು, ಫೋನಿನ ಮೆನುವಲ್ಲೇ ತೆಗೀಬೇಕು. ಸುಮ್ಮನಿದ್ರೆ ಇಪಿಎಬಿಎಕ್ಸಿನದು, ‘ಪ್ರತಿದಿನ’ ಅಂತ ಹಾಕಿರ್ತಾರೆ. ಅದೇ ರೂಮ್ ಫೋನಿಂದ ಇಲ್ಲಾ ಆಪರೇಟರ್ ಫೋನಿಂದ ಅಲಾರಂ ರದ್ದು ಮಾಡೋ ಕೋಡ್ ಹಾಕಿ, ನಿಮ್ಮ ಮಾಡೆಲ್ಲಿನ ಪುಸ್ತಕದಲ್ಲಿರುತ್ತೆ. ರೂಮ್ ಖಾಲಿ ಆದಾಗೆಲ್ಲ ಆ ಕೋಡ್ ಒಂದ್ಸಲ ಒತ್ತೋದು ಅಭ್ಯಾಸ ಮಾಡ್ಕೊಳ್ಳಿ.

ಸರ್ವರ್‌ಕೋಣೆ · ಹಾಸನ

ಈಗ ರಾತ್ರಿ ಎರಡು ಗಂಟೆ ಕರೆ. ಉಳಿದವು ಬರೀ ಕಿರಿಕಿರಿ, ಇದು ಅಪಾಯ. ಇದನ್ನ ಇವತ್ತೇ ನೋಡಿ.

100, 1000, 1001 ಅಂಥ ನಂಬರಿಂದ ಸದ್ದಿಲ್ಲದ ಕರೆ ಬಂದ್ರೆ ಇಂಟರ್ನೆಟ್ಟಲ್ಲಿ ಯಾರೋ 5060ನೇ ಪೋರ್ಟ್, ಅಂದ್ರೆ ಇಂಥ ಫೋನ್ ಕರೆಗಳು ಒಳಬರೋ ಬಾಗಿಲು, ತಟ್ಟಿ ನೋಡ್ತಾ ಇದ್ದಾರೆ ಅಂತ ಅರ್ಥ. ತೆರೆದ ಸರ್ವರ್ ಸಿಕ್ಕಿದ್ರೆ ಅದರ ಮೂಲಕ ವಿದೇಶಕ್ಕೆ ಕರೆ ಮಾಡ್ತಾರೆ, ಬಿಲ್ ನಿಮಗೆ ಬರುತ್ತೆ. ಮೊದಲು ಫ್ರೀಪಿಬಿಎಕ್ಸಿನ ರಿಪೋರ್ಟ್ಸ್‌ನಲ್ಲಿ ಸಿಡಿಆರ್ ರಿಪೋರ್ಟ್ಸ್ (ಕರೆಗಳ ದಾಖಲೆ) ತೆಗೆದು ರಾತ್ರಿ ಎರಡರ ಆಸುಪಾಸು ನೋಡಿ. ಅಲ್ಲಿ ಕರೆ ದಾಖಲಾಗಿದ್ರೆ ಸರ್ವರ್ ಮೂಲಕ ಬಂದಿದೆ. ದಾಖಲೇನೇ ಇಲ್ಲ ಅಂದ್ರೆ ನೇರ ಫೋನಿಗೆ ಬಂದಿದೆ. ಎಲ್ಲಾ ಫೋನೂ ಒಟ್ಟಿಗೆ ರಿಂಗಾಗುತ್ತೆ ಅಂತೀರಿ, ಹಾಗಾಗಿ ಸರ್ವರ್ ಮೂಲಕಾನೇ ಬಂದು, ಹೊರಗಿನ ಕರೆಗಳ ರಿಂಗ್ ಗ್ರೂಪಿಗೆ (ಒಟ್ಟಿಗೆ ರಿಂಗಾಗೋ ಫೋನುಗಳ ಗುಂಪು) ಬೀಳ್ತಾ ಇರಬೇಕು.

ಸರ್ವರ್ ಆದ್ರೆ: ಸೆಟ್ಟಿಂಗ್ಸ್, ಆಸ್ಟರಿಸ್ಕ್ ಸಿಪ್ ಸೆಟ್ಟಿಂಗ್ಸ್, ಅಲ್ಲಿ ಅಲೋ ಅನಾನಿಮಸ್ ಇನ್‌ಬೌಂಡ್ ಸಿಪ್ ಕಾಲ್ಸ್ ಮತ್ತು ಅಲೋ ಸಿಪ್ ಗೆಸ್ಟ್ಸ್ ಎರಡಕ್ಕೂ ನೋ. ಆಮೇಲೆ ರೂಟರಲ್ಲಿ ಪೋರ್ಟ್ ಫಾರ್ವರ್ಡಿಂಗ್ ಪುಟ ನೋಡಿ. 5060 ಸರ್ವರಿಗೆ ತೆರೆದಿದ್ರೆ ಮುಚ್ಚಿ. ನಿಮ್ಮ ಸರ್ವರೇ ಹೋಗಿ ರಿಜಿಸ್ಟರ್ ಆಗೋ ಥರದ ಟ್ರಂಕ್ (ಸೇವೆ ಕೊಡೋರ ಹೊರಗಿನ ಲೈನು) ಆದ್ರೆ ಸಾಮಾನ್ಯವಾಗಿ ಅದನ್ನ ತೆರೆಯೋ ಅಗತ್ಯಾನೇ ಇಲ್ಲ. ತೆರೆಯಲೇಬೇಕು ಅಂತ ಸೇವೆ ಕೊಡೋರು ಹೇಳಿದ್ರೆ ಅವರ ಐಪಿ ವಿಳಾಸಕ್ಕೆ ಮಾತ್ರ ತೆರೀರಿ.

ಫೋನಿಗೇ ಬರ್ತಾ ಇದ್ರೆ: ಜನರಲ್ ಇನ್ಫರ್ಮೇಶನ್ ಪುಟದಲ್ಲಿ ಅಲೋ ಐಪಿ ಕಾಲ್ ಡಿಸೇಬಲ್, ಅಕ್ಸೆಪ್ಟ್ ಸಿಪ್ ಟ್ರಸ್ಟ್ ಸರ್ವರ್ ಓನ್ಲಿ ಎನೇಬಲ್. ವಿದೇಶಿ ಕರೆ ಬೇಡದಿದ್ರೆ ಐಎಸ್‌ಡಿ ಬಂದ್ ಮಾಡಿ ಅಂತ ಸೇವೆ ಕೊಡೋರಿಗೂ ಬರೆದುಕೊಡಿ.

ಎಸ್ಟೇಟ್_ರೈಟರ್ · ಮೂಡಿಗೆರೆ

ಲ್ಯಾಂಡ್‌ಲೈನಿಂದ ಮೊಬೈಲಿಗೆ ಹೋಗ್ತಾ ಇಲ್ಲ ಅನ್ನೋದೂ ಇಂಥದ್ದೇ ಲಾಕಾ? ಹಳೇ ಸ್ಪೀಡ್ ಡಯಲ್ ಒಂದೂ ಕೆಲಸ ಮಾಡಲ್ಲ.

ತಂತಿಪೆಟ್ಟಿಗೆ · ಚಿಕ್ಕಮಗಳೂರು

ಅದು ಬೇರೆ ರೈಟ್ರೇ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿಂದ ಯಾವ ಮೊಬೈಲಿಗೆ ಮಾಡಿದ್ರೂ ಮುಂದೆ 0 ಬೇಕು. ಸ್ಪೀಡ್ ಡಯಲ್‌ಗಳಿಗೆಲ್ಲ 0 ಸೇರಿಸಿ. ಹೊರಗಿನ ಲೈನಿಗೆ 0 ಒತ್ತೋ ಇಪಿಎಬಿಎಕ್ಸ್ ಆದ್ರೆ ಎರಡು ಸೊನ್ನೆ ಆಗುತ್ತೆ. ಎಸ್‌ಟಿಡಿ ಲಾಕ್ ಹಾಕಿರೋ ಎಕ್ಸ್‌ಟೆನ್ಷನ್ನಲ್ಲಿ ಇನ್ನೊಂದು ತೊಡಕು: ಲಾಕ್ ಹಿಡಿಯೋದೇ ಆ 0ಯನ್ನ, ಹಾಗಾಗಿ ಮೊಬೈಲೂ ಎಸ್‌ಟಿಡಿ ಲೆಕ್ಕಕ್ಕೆ ಬಿದ್ದು ಹೋಗಲ್ಲ. ಅಂಥವಕ್ಕೆ ಅಲೋ ಪಟ್ಟೀಲಿ 06, 07, 09 ತೆರೀರಿ, 06, 07ರಲ್ಲಿ ಬೇರೆ ರಾಜ್ಯದ ಕೆಲವು ಎಸ್‌ಟಿಡಿ ಕೋಡೂ ಬರುತ್ತವೆ. 08 ಪೂರ್ತಿ ತೆರೆದ್ರೆ 080, 08172, 08262 ಎಲ್ಲಾ ಅದರೊಳಗೇ ಬರುತ್ತೆ ಅಂತ ತಿಳ್ಕೊಂಡು ತೆರೀರಿ.

ಸರ್ವರ್‌ಕೋಣೆ · ಹಾಸನ

ಫ್ರೀಪಿಬಿಎಕ್ಸಲ್ಲಿ ಜನಕ್ಕೆ 0 ನೆನಪಿಸೋದೇ ಬೇಡ. ಔಟ್‌ಬೌಂಡ್ ರೂಟಿನ ಡಯಲ್ ಪ್ಯಾಟರ್ನಲ್ಲಿ ಪ್ರಿಪೆಂಡ್ ಜಾಗಕ್ಕೆ 0, ಮ್ಯಾಚ್ ಜಾಗಕ್ಕೆ [6-9] ಬರೆದು ಅದರ ಹಿಂದೆ ಒಂಬತ್ತು ಸಲ ಎಕ್ಸ್. ಹತ್ತಂಕಿ ಒತ್ತಿದ್ರೆ ಸರ್ವರೇ 0 ಸೇರಿಸಿ ಕಳಿಸುತ್ತೆ. ಟ್ರಂಕಿನವರು ಬೇರೆ ರೂಪದಲ್ಲಿ ನಂಬರ್ ಕೇಳ್ತಾರಾ ಅಂತ ಮೊದಲು ವಿಚಾರಿಸಿ.

ಲೆಕ್ಕದಮನೆ · ಹಾಸನ

ಎಲ್ರಿಗೂ ತುಂಬ ಧನ್ಯವಾದ. ವರದಿ ಕೊಡ್ತೀನಿ. 11 ಫೋನಿನ ಬ್ಯಾಕಪ್ ಆಯ್ತು. ಕ್ಯಾಬಿನ್ನಲ್ಲಿ ಇಂಟರ್‌ಕಾಮ್ ಬಂದ್. ಹಾಟ್‌ಲೈನ್ ಜಾಗದಲ್ಲಿ ರಿಸೆಪ್ಷನ್ ನಂಬರೇ ಇತ್ತು, ಅಳಿಸಾಯ್ತು. ಕೆಂಪು ದೀಪ ಸಂದೇಶ ಅಳಿಸಿದ ಕೂಡಲೇ ಆರಿತು. ಸಿಡಿಆರಲ್ಲಿ ರಾತ್ರಿ 1.50ರಿಂದ 2.20ರವರೆಗೆ ಸಾಲಾಗಿ 100ರ ಕರೆಗಳು ಇದ್ವು, ರೂಟರಲ್ಲಿ 5060 ತೆರೆದೇ ಇತ್ತು. ಮುಚ್ಚಿದ ಮೇಲೆ ಮೂರು ರಾತ್ರಿ ಸದ್ದಿಲ್ಲ, ಹೊರಗಿನ ಕರೆ ಎಂದಿನಂತೆ ಬರ್ತಾ ಇದೆ.

ಉಳಿದಿರೋದು ಗೋಡೌನು. ಅಲ್ಲಿ ಮಾತು ಮುಗಿಸಿ ಇಟ್ಟ ತಕ್ಷಣ ಮತ್ತೆ ರಿಂಗಾಗುತ್ತೆ, ಎತ್ತಿದ್ರೆ ಮೊದಲಿನವರೇ ಇರ್ತಾರೆ. ಮಳೆ ಬಂದ ದಿನ ಒಂದು ಫೋನು ಅರ್ಧ ಅರ್ಧ ಟಿಣ್ ಅನ್ನುತ್ತೆ.

ತಂತಿಪೆಟ್ಟಿಗೆ · ಚಿಕ್ಕಮಗಳೂರು

ಎರಡೂ ಬೇರೆ ಬೇರೆ.

ಇಟ್ಟ ತಕ್ಷಣ ರಿಂಗಾಗೋದು ಹೋಲ್ಡ್ ರೀಕಾಲ್. ಒಂದು ಕರೆ ಮುಗಿಸಿ ಇನ್ನೊಂದು ಮಾಡೋ ಅವಸರದಲ್ಲಿ ರಿಸೀವರ್ ಇಡೋ ಗುಬ್ಬಿಯನ್ನ ಬೆರಳಲ್ಲಿ ಟಕ್ ಅಂತ ಒತ್ತಿ ಬಿಡ್ತಾರೆ. ಅಡಾಪ್ಟರಿಗೆ ಅದು ಫ್ಲ್ಯಾಶ್ ಅಂತ ಕಾಣುತ್ತೆ, ಮೊದಲಿನ ಕರೆಯನ್ನ ಕಡಿಯದೆ ಹೋಲ್ಡಲ್ಲಿ ಇಡುತ್ತೆ. ಆಮೇಲೆ ನಿಜವಾಗಿ ಇಟ್ಟಾಗ ‘ಇವರಿನ್ನೂ ಕಾಯ್ತಾ ಇದ್ದಾರೆ’ ಅಂತ ರಿಂಗ್ ಮಾಡುತ್ತೆ. ರಿಸೀವರ್ ಪೂರ್ತಿ ಇಟ್ಟು ಎರಡು ಸೆಕೆಂಡ್ ಬಿಟ್ಟು ಎತ್ತಿದ್ರೆ ಬರಲ್ಲ.

ಮಂಜಿನೂರು · ಸಕಲೇಶಪುರ

ಗ್ರಾಂಡ್‌ಸ್ಟ್ರೀಮ್ ಅಡಾಪ್ಟರ್ ಆದ್ರೆ ಹುಕ್ ಫ್ಲ್ಯಾಶ್ ಟೈಮಿಂಗ್ ಅಂತ ಇರುತ್ತೆ, ಕನಿಷ್ಠ 300, ಗರಿಷ್ಠ 1100 ಮಿಲಿಸೆಕೆಂಡ್. ಅಂದ್ರೆ ಒಂದು ಸೆಕೆಂಡಿಗಿಂತ ಜಾಸ್ತಿ ಒತ್ತಿದ್ರೂ ಫ್ಲ್ಯಾಶ್ ಅಂತಾನೇ ಲೆಕ್ಕ. ಗರಿಷ್ಠವನ್ನ 700ಕ್ಕೆ ಇಳಿಸಿ. ಅದಕ್ಕಿಂತ ಕೆಳಗೆ ಬೇಡ, ಕೆಲವು ಫೋನಿನ ಫ್ಲ್ಯಾಶ್ ಗುಂಡಿಯೇ 600 ಕೊಡುತ್ತೆ, ಕರೆ ವರ್ಗಾಯಿಸೋಕೆ ಆಗದೇ ಹೋದೀತು.

ತಂತಿಪೆಟ್ಟಿಗೆ · ಚಿಕ್ಕಮಗಳೂರು

ಟಿಣ್ ಅನ್ನೋದು ಯಾವ ಫೀಚರೂ ಅಲ್ಲ, ನೀರು. ಗೋಡೆ ಮೇಲಿನ ರೋಸೆಟ್ (ಫೋನ್ ತಂತಿ ಸೇರೋ ಡಬ್ಬಿ) ಮುಚ್ಚಳ ತೆಗೆದು ನೋಡಿ. ತಿರುಪಿನ ತಲೆ ಹಸಿರಾಗಿ, ತಂತಿ ಸುತ್ತ ಬಿಳಿ ಪುಡಿ ಕಟ್ಟಿರುತ್ತೆ, ಎಷ್ಟೋ ಸಲ ಇರುವೆ ಮಣ್ಣೂ ತುಂಬಿರುತ್ತೆ. ಆ ಪುಡಿ ಒದ್ದೆಯಾದಾಗ ಎರಡು ತಂತಿ ನಡುವೆ ಕರೆಂಟ್ ಸೋರುತ್ತೆ, ಸೋರಿಕೆ ಏರಿಳಿದಾಗ ಗಂಟೆ ಅರೆಬರೆ ಬಡಿಯುತ್ತೆ.

ಫೋನ್ ಕಿತ್ತು, ಮಲ್ಟಿಮೀಟರ್ ಡಿಸಿ ವೋಲ್ಟಿಗಿಟ್ಟು ಆ ಎರಡು ತಿರುಪಿನ ಮೇಲೆ ಅಳೆಯಿರಿ. ಆಮೇಲೆ ಅದೇ ಅಡಾಪ್ಟರಿನ ಒಳ್ಳೇ ಫೋನಿನ ರೋಸೆಟ್ಟಲ್ಲಿ ಅಳೆಯಿರಿ. ದೂರವಾಣಿ ಎಕ್ಸ್‌ಚೇಂಜ್ ಲೈನಿನಲ್ಲಿ 48 ವೋಲ್ಟ್ ಆಸುಪಾಸು, ಅಡಾಪ್ಟರಲ್ಲಿ ಕಡಿಮೆ ಇರಬಹುದು, ಆದ್ರೆ ಎರಡು ರೋಸೆಟ್ಟಲ್ಲೂ ಒಂದೇ ಇರಬೇಕು. ಮಳೆ ದಿನವೇ ಅಳೆಯಿರಿ, ಬಿಸಿಲಲ್ಲಿ ಸರಿಯಾಗೇ ತೋರಿಸುತ್ತೆ. ಅಳೆಯೋವಾಗ ಬರಿಗೈಯಲ್ಲಿ ತಿರುಪು ಹಿಡೀಬೇಡಿ, ಆ ಹೊತ್ತಿಗೆ ರಿಂಗ್ ಬಂದ್ರೆ ಸುಮಾರು 75 ವೋಲ್ಟ್ ಎಸಿ ಬರುತ್ತೆ, ಜೋರಾಗೇ ಹೊಡೆಯುತ್ತೆ.

ಹಳೇ ರೋಸೆಟ್ ಉಜ್ಜಿ ತೊಳೆದು ಹಾಕೋಕೆ ಹೋಗ್ಬೇಡಿ, ಹೊಸದೇ ಹಾಕಿ. ತಂತಿಯ ಕಪ್ಪಾದ ತುದಿಯನ್ನ ಹೊಳೆಯೋ ತಾಮ್ರ ಕಾಣೋವರೆಗೆ ಕತ್ತರಿಸಿ. ಡಬ್ಬಿಗೆ ತಂತಿ ಮೇಲಿಂದ ಇಳಿಸಬೇಡಿ, ಕೆಳಗಡೆ ಒಂದು ಸುತ್ತು ಬಿಟ್ಟು ಕೆಳಗಿನಿಂದ ಹತ್ತಿಸಿ, ಗೋಡೆ ನೀರು ತಂತಿ ಹಿಡಿದು ಬಂದ್ರೂ ಆ ಸುತ್ತಲ್ಲೇ ತೊಟ್ಟಿಕ್ಕುತ್ತೆ.

ಲೆಕ್ಕದಮನೆ · ಹಾಸನ

ಮುಚ್ಚಳ ತೆಗೆದಾಯ್ತು ಸರ್, ನೀವು ಹೇಳಿದ ಹಾಗೇ ಹಸಿರು. ತಂತಿ ಮೇಲಿಂದಾನೇ ಇಳಿಸಿದ್ದಾರೆ. ಒಳ್ಳೇ ಫೋನಲ್ಲಿ 46, ಇದರಲ್ಲಿ 31 ತೋರಿಸ್ತು. ಹೊಸ ರೋಸೆಟ್ ತಂದಿದ್ದೀವಿ, ಶನಿವಾರ ಕೌಂಟರ್ ಮುಚ್ಚಿದ ಮೇಲೆ ಹಾಕ್ತೀವಿ.